ನಡೆದು ತೋರಿಸುವವರು

ಜೇಡಗಳಿಗೆ ಕಾವಲು ಕ್ಯಾಮೆರಾಗಳ ಮೇಲೆ ಏಕೆ ಇಷ್ಟೊಂದು ಮಮತೆ ಎಂಬುದಕ್ಕೆ, ಅವುಗಳನ್ನು ಕೂರಿಸುವ ಅವನ ವೃತ್ತಿಯವರಲ್ಲಿ ಯಾರೂ ತೃಪ್ತಿಕರವಾದ ಕಾರಣವನ್ನು ಹೇಳಿರಲಿಲ್ಲ. ಕ್ಯಾಮೆರಾ ಬೆಚ್ಚಗಿರುತ್ತದೆ ಎನ್ನುವವರಿದ್ದರು. ಕತ್ತಲಾದೊಡನೆ ಅದು ಸೂಸುವ, ಮನುಷ್ಯರ ಕಣ್ಣಿಗೆ ಬೀಳದ ಬೆಳಕಿಗೆ ಹುಳುಗಳು ಬರುತ್ತವೆ, ಹುಳುಗಳನ್ನು ನಂಬಿ ಜೇಡ ಬರುತ್ತದೆ ಎನ್ನುವವರಿದ್ದರು. ಅವನಿಗೆ ಮಾತ್ರ, ದಂತವೈದ್ಯರ ಮನೆಯ ಗೇಟಿನ ಕಂಬಕ್ಕೆ ಏಣಿ ಒರಗಿಸಿ, ಸವೆದುಹೋದ ಹಲ್ಲುಜ್ಜುವ ಬ್ರಷ್ಷಿನಿಂದ ಆ ಗಾಜಿನ ಮುಖವನ್ನು ತಿಕ್ಕುತ್ತಿದ್ದಾಗ, ಜೇಡವೂ ತನ್ನಂತೆಯೇ ಒಬ್ಬ ಕಸುಬುದಾರ ಎನ್ನಿಸಿತು: ಎಲ್ಲಿ ಮನುಷ್ಯರಿಗೆ ಮನುಷ್ಯರ ಮೇಲೆ ನಂಬಿಕೆ ಕಳೆದಿದೆಯೋ ಅಲ್ಲಿ ಗೂಡು ಕಟ್ಟಿ ಹೊಟ್ಟೆ ಹೊರೆದುಕೊಳ್ಳುವ ಜೀವ. ಕೆಳಗೆ ದಂತವೈದ್ಯರ ಹೆಂಡತಿ ಏಣಿಯನ್ನು ಭದ್ರವಾಗಿ ಹಿಡಿದಿದ್ದೇನೆಂಬ ಭಾವನೆಯಲ್ಲಿ ಅದಕ್ಕೇ ಒರಗಿಕೊಂಡು ನಿಂತಿದ್ದರು.

"ರಾತ್ರಿಯೆಲ್ಲ ಕ್ಯಾಮೆರಾದಲ್ಲಿ ಬಿಳಿ ಹಗ್ಗ ಅಲ್ಲಾಡ್ತಾ ಇರುತ್ತಪ್ಪ. ಫೋನು ಒಂದೇ ಸಮ ಹೊಡ್ಕೊಳ್ಳುತ್ತೆ. ನಮ್ಮ ಡಾಕ್ಟ್ರು ಕೋಲು ಹಿಡ್ಕೊಂಡು ಆಚೆ ಹೋಗಿ, ಯಾರೋ ಅದು, ಗಂಡಸಾದ್ರೆ ಬಾರೋ ಈಚೆಗೆ ಅಂತ ಕೂಗಿ ಬಂದ್ರು."

"ಜೇಡ ಅಮ್ಮ. ಅದರ ಎಳೆ ಗಾಜಿನ ಹತ್ರ ಇರೋದ್ರಿಂದ ಹಗ್ಗದ ಹಾಗೆ ಕಾಣುತ್ತೆ."

"ಜೇಡಾನಾ? ಅಯ್ಯೋ ದೇವ್ರೇ, ಎದುರುಮನೆಯವರ ಮೇಲೆ ಅನುಮಾನ ಪಟ್ಟು ಮಾತು ಬಿಟ್ಟುಬಿಟ್ಟಿದೀವಲ್ಲ!"

"ಮತ್ತೆ ಮಾತಾಡಿಸಿ."

"ಈಗ ಹೇಗಪ್ಪ ಮಾತಾಡ್ಸೋದು? ಸ್ವಲ್ಪ ದಿನ ಹೋಗ್ಲಿ. ನೀನು ಮಾತ್ರ ಜೇಡ ಅಂತ ಬೀದೀಲಿ ಹೇಳ್ಬೇಡ."

ಅವನ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಕೆಲವು ದಿನಗಳಿಂದ ಆ ನಡುಕಕ್ಕೆ ಅವನ ಕೈ ಗಾಯವನ್ನು ಮುಟ್ಟಿ ನೋಡಿಕೊಳ್ಳುವಂತೆ ತಾನಾಗಿಯೇ ಎದೆಗೆ ಹೋಗುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತು ಕಳೆಯುತ್ತಿದ್ದಂತೆ 'ಹಾಲ್: ಸಂಪರ್ಕ ತಪ್ಪಿದೆ' ಎಂಬ ಒಂದು ಸಾಲು ಅಲ್ಲಿ ಮೂಡುತ್ತಿತ್ತು, ಟೀ ಹೊತ್ತಿಗೆ 'ಹಾಲ್: ಸಂಪರ್ಕ ಬಂದಿದೆ' ಎಂಬ ಇನ್ನೊಂದು ಸಾಲು. ಆ ಹಾಲ್ ಅವನ ಅಕ್ಕನ ಮನೆಯದು. ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕ್ಯಾಮೆರಾವನ್ನು ಮೊದಲು ತನ್ನ ಫೋನಿಗೆ ಜೋಡಿಸಿಕೊಂಡು ಪರೀಕ್ಷೆ ಮಾಡಬೇಕು. ಎಲ್ಲ ಸರಿಯಾದ ಮೇಲೆ ಮನೆಯವರ ಫೋನಿಗೆ ಒಪ್ಪಿಸಿ, ಅವರ ಕಣ್ಣೆದುರಿಗೇ ತನ್ನದರಿಂದ ಅಳಿಸಬೇಕು. ಇದನ್ನು ಅವನು ಜಾದೂಗಾರ ಖಾಲಿ ಅಂಗೈ ತೋರಿಸುವಷ್ಟೇ ಠೀವಿಯಿಂದ ಮಾಡುತ್ತಿದ್ದ. "ನೋಡಿ, ಹೋಯ್ತು," ಎನ್ನುತ್ತಿದ್ದ. ಅಕ್ಕನ ಮನೆಯಲ್ಲಿ ಮಾತ್ರ ಮಾಡಲಿಲ್ಲ. ನಮ್ಮವರೇ ತಾನೆ ಎಂದುಕೊಂಡ. ಲೋಕದ ಅಸಭ್ಯತೆಗಳಲ್ಲಿ ಬಹುಪಾಲು ಈ ಮಾತಿನ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಪರರ ಮನೆಯ ಕಿಟಕಿಯಲ್ಲಿ ಇಣುಕಲು ನಾಚುವವನು ನಮ್ಮವರ ಮನೆಯ ಗೋಡೆಯನ್ನೇ ಗಾಜು ಮಾಡಿಸಿಕೊಳ್ಳುತ್ತಾನೆ, ಮತ್ತು ಅದಕ್ಕೆ ಕಾಳಜಿ ಎಂದು ಹೆಸರಿಡುತ್ತಾನೆ. ಸರಿಯಾಗಿ ಕೆಲಸ ಮಾಡುತ್ತಿದೆಯೇ ನೋಡೋಣ ಎಂದು ಅವನು ಮೊದಲು ನೋಡಿದ. ಆಮೇಲೆ ಸುಮ್ಮನೆ ನೋಡಿದ. ಅಕ್ಕ ಬಟ್ಟೆ ಮಡಿಸುವುದನ್ನು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸುವುದನ್ನು, ಭಾವ ಪತ್ರಿಕೆಯ ಸಂಪಾದಕೀಯವನ್ನು ಓದುತ್ತ ಮೂಗಿನೊಳಗೆ ಬೆರಳಿಟ್ಟು ರಾಷ್ಟ್ರದ ಭವಿಷ್ಯವನ್ನು ಹುಡುಕುವುದನ್ನು. ಮಧ್ಯಾಹ್ನ ಪರದೆ ಕಪ್ಪಾಗತೊಡಗಿದಾಗ ಅವನಿಗಾದದ್ದು ಆತಂಕವಲ್ಲ, ಸಿಟ್ಟು. ನಾಟಕದ ನಡುವೆ ಯಾರೋ ಪರದೆ ಎಳೆದಂಥ ಸಿಟ್ಟು. ಎಲ್ಲಿಗೆ ಹೋಗುತ್ತಾಳೆ ಇವಳು? ಅದೇ ಮನೆಯ ಗೇಟಿನ ಕ್ಯಾಮೆರಾದಲ್ಲಿ ಅವಳು ಹೊರಗೆ ಹೋದದ್ದು ಕಾಣಲಿಲ್ಲ. ಹಾಗಾದರೆ ಯಾರು ಒಳಗೆ ಬರುತ್ತಾರೆ? ಅದೂ ಕಾಣಲಿಲ್ಲ. ತನ್ನ ಕೈ ಹಿಡಿದು ರಸ್ತೆ ದಾಟಿಸಿದ ಅಕ್ಕನ ಬಗ್ಗೆ ಇಂಥ ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿದ್ದೇನೆಂದು ಅರಿವಾದಾಗ ಫೋನನ್ನು ಜೇಬಿಗೆ ತುರುಕಿದ್ದ. ಮರುದಿನ ಮತ್ತೆ ತೆಗೆದಿದ್ದ.

ಈಗ ನಡುಗಿದ್ದು ಆ ಸಾಲಲ್ಲ, ಕರೆ. ಭಾವನದು.

"ಎಲ್ಲಿದೀಯ?"

"ಏಣಿ ಮೇಲೆ ಸಾರ್."

"ಇಳಿ."

ಅವನು ಇಳಿದ. ನೆಲಕ್ಕೆ ಕಾಲು ತಾಗಿದ ಮೇಲೆಯೇ, ತಾನು ಏಕೆ ಇಳಿದೆ ಎಂಬ ಯೋಚನೆ ಬಂದದ್ದು. ಭಾವ ಪ್ರೌಢಶಾಲೆಯ ಹೆಡ್ ಮಾಸ್ಟರು. ಅಕ್ಕನನ್ನು ಮದುವೆಯಾಗುವುದಕ್ಕೆ ಮೊದಲು ಅವನಿಗೆ ಗಣಿತ ಕಲಿಸಿದವರು; ಕಲಿಸಿದರು ಎನ್ನುವುದಕ್ಕಿಂತ ಬೆಂಚಿನ ಮೇಲೆ ನಿಲ್ಲಿಸಿದವರು. ಮದುವೆಯ ಮಾತಿಗೆಂದು ಅವರು ಮೊದಲ ಸಲ ಮನೆಗೆ ಬಂದಾಗ, ತನ್ನ ಅಂಕಗಳ ವಿಷಯ ಹೇಳಲು ಬಂದಿದ್ದಾರೆಂದು ತಿಳಿದು ಅವನು ಬಚ್ಚಲುಮನೆಯಲ್ಲಿ ಅಡಗಿದ್ದ. ಹೊರಗೆ ನಗು ಕೇಳಿಸಿತು, ಲೋಟಗಳ ಸದ್ದು ಕೇಳಿಸಿತು. ಅಂಕಗಳ ಮಾತೇ ಬರಲಿಲ್ಲ. ಕೊನೆಗೆ ಅವರು ಅವನ ಬದಲು ಅಕ್ಕನನ್ನು ಕರೆದುಕೊಂಡು ಹೋದರು. ತಾನು ತಪ್ಪಿಸಿಕೊಂಡೆ ಎಂಬ ಅಂದಿನ ಆ ನಾಚಿಕೆಗೇಡಿನ ಸಂತೋಷ ಇಂದಿಗೂ ಅವನನ್ನು ಬಿಟ್ಟಿರಲಿಲ್ಲ. ಭಾವ ಎನ್ನಲು ಹೊರಟ ನಾಲಗೆ ಇಂದಿಗೂ ಸಾರ್ ಎಂದೇ ಹೊರಳುತ್ತಿತ್ತು.

"ಇವತ್ತು ಅರ್ಧ ದಿನ ರಜೆ ಹಾಕಿದೀನಿ," ಎಂದರು ಭಾವ. ಅವರ ವೃತ್ತಿಜೀವನದ ಮೊದಲ ಅರ್ಧ ರಜೆ ಅದಿರಬೇಕು, ದನಿಯಲ್ಲಿ ತ್ಯಾಗವಿತ್ತು. "ಹಾಲಿನ ಕ್ಯಾಮೆರಾ ಕೆಟ್ಟಿದೆ. ಬಾ. ಚೀಲದಲ್ಲಿ ಇನ್ನೊಂದು ಕ್ಯಾಮೆರಾ ಇರ್ಲಿ."

ಬೈಕಿನ ಮೇಲೆ ಹೋಗುತ್ತ ಅವನು ದಾರಿಯನ್ನು ನೋಡಲಿಲ್ಲ, ಮನಸ್ಸಿನಲ್ಲಿ ಅಕ್ಕನ ಮನೆಯ ಹಾಲನ್ನು ನೋಡಿದ. ಅಂದು ಅಲ್ಲಿ ಕ್ಯಾಮೆರಾ ಕೂರಿಸುವಾಗ, ಗೇಟಿಗೆ ಒಂದು ಸಾಲದೇ ಎಂದು ಅವನೇ ಕೇಳಿದ್ದ. ಕಳ್ಳ ಬಾಗಿಲಿಗೆ ಬಂದದ್ದು ಗೊತ್ತಾದರೆ ಸಾಕೇ, ಒಳಗೆ ಏನು ಮಾಡುತ್ತಾನೆಂದು ಗೊತ್ತಾಗಬೇಡವೇ ಎಂದಿದ್ದರು ಭಾವ, ತರ್ಕದ ಕೊನೆಯ ಹೆಜ್ಜೆಯನ್ನು ಕಪ್ಪು ಹಲಗೆಯ ಮೇಲೆ ಬರೆದು ಕೈ ಕೊಡವಿಕೊಳ್ಳುವವರಂತೆ. ಆ ಮನೆಯಲ್ಲಿ ಹಗಲು ಹೊತ್ತು ಇರುವುದು ಅಕ್ಕ ಒಬ್ಬಳೇ ಎಂದು ಅವನಿಗೆ ಗೊತ್ತಿತ್ತು. ಭಾವ ಶಾಲೆಯ ಕೋಣೆಯಲ್ಲಿ ಕುಳಿತು ಮೇಜಿನ ಕೆಳಗೆ ಫೋನು ತೆರೆಯುತ್ತಾರೆಂದೂ, ಮಕ್ಕಳು ಮಾಡಿದರೆ ಕಸಿದುಕೊಳ್ಳುವ ಕೆಲಸವನ್ನು ತಾವು ಮಾಡುತ್ತಾರೆಂದೂ ಅವನು ಊಹಿಸಬಲ್ಲವನಾಗಿದ್ದ. ಆದರೂ ಗೋಡೆಗೆ ತೂತು ಕೊರೆದ. ಕೊರೆದು, ಅಕ್ಕಾ, ಸ್ವಲ್ಪ ನಡೆದು ತೋರಿಸು ಎಂದ. ಅದೂ ಕಸುಬಿನ ಪದ್ಧತಿಯೇ. ಕ್ಯಾಮೆರಾ ಎಷ್ಟು ಅಗಲ ನೋಡುತ್ತದೆಂದು ತಿಳಿಯಲು ಮನೆಯವರೊಬ್ಬರು ಗೋಡೆಯಂಚಿಗೆ ಸುತ್ತಲೂ ನಡೆಯಬೇಕು. ಏಣಿಯ ಮೇಲಿನವನು ಫೋನು ನೋಡುತ್ತ ಕೂಗಬೇಕು. ಯಾವ ಮನೆಯಲ್ಲೂ ಯಜಮಾನ ನಡೆದದ್ದನ್ನು ಅವನು ಕಂಡಿರಲಿಲ್ಲ. ಯಜಮಾನ ಕುರ್ಚಿಯಲ್ಲಿ ಕುಳಿತಿರುತ್ತಾನೆ. ನಡೆಯುವವಳು ಹೆಂಡತಿ, ಇಲ್ಲವೇ ತಾಯಿ, ಇಲ್ಲವೇ ನೆಲ ಒರೆಸುತ್ತಿದ್ದ ಕೆಲಸದವಳು. ಕ್ಯಾಮೆರಾ ಏನನ್ನು ನೋಡುತ್ತದೆ ಎಂಬುದು ಹಾಗಾಗಿ ಯಜಮಾನನಿಗೆ ಗೊತ್ತಿರುತ್ತದೆ. ಏನನ್ನು ನೋಡುವುದಿಲ್ಲ ಎಂಬುದು ನಡೆದವಳಿಗೆ ಮಾತ್ರ. ಕಾಣ್ತಿದೀಯ, ಎಂದು ಅವನು ಕೂಗಿದ್ದ. ಕಾಣ್ತಿದೀಯ. ಕಾಣ್ತಿದೀಯ. ಚಪ್ಪಲಿ ಕಪಾಟಿಗೂ ಕಿಟಕಿಗೂ ನಡುವಣ ಮೂಲೆಗೆ ಬಂದಾಗ, ಈಗ ಇಲ್ಲ ಎಂದಿದ್ದ. ಅಕ್ಕ ಅಲ್ಲಿ ಒಂದು ಕ್ಷಣ ಹೆಚ್ಚಾಗಿ ನಿಂತಿದ್ದಳು. ಇಲ್ಲಿ ಇಲ್ವಾ, ಎಂದು ಕೇಳಿದ್ದಳು. ಇಲ್ಲ ಅಕ್ಕ, ಅಲ್ಲಿ ನೀನು ಇಲ್ಲವೇ ಇಲ್ಲ. ಕ್ಯಾಮೆರಾದ ಪ್ಲಗ್ಗು, ಸ್ವಿಚ್ಚು ಇದ್ದದ್ದೂ ಆ ಮೂಲೆಯಲ್ಲಿಯೇ.

"ಚಪ್ಪಲಿ ಅಲ್ಲಿ. ಸಾಲಾಗಿ," ಎಂದರು ಬಾಗಿಲು ತೆರೆದ ಭಾವ.

ಅವನು ಸಾಲಾಗಿ ಬಿಟ್ಟ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಬಂದ್ಯಾ ಎಂದಳು. ಅಷ್ಟೆ. ಹಾಲು ಎಂದಿನಂತಿತ್ತು: ಮರದ ಕೈಗಳಿದ್ದ ಭಾವನ ಕುರ್ಚಿ, ಅದರ ಮುಂದೆ ಒಂದು ಕುಳ್ಳ ಸ್ಟೂಲು, ಭಾವ ಯಾರದೋ ಕೈಯಿಂದ ಫಲಕ ಪಡೆಯುತ್ತಿದ್ದ ಚಿತ್ರ. ಚಿತ್ರದಲ್ಲಿ ಕೊಡುವವರ ಅರ್ಧ ಮುಖವನ್ನು ಚೌಕಟ್ಟು ನುಂಗಿತ್ತು. ಪಡೆಯುವವರು ಪೂರ್ತಿ ಇದ್ದರು. ಫೋನಿನ ಪರದೆಯಲ್ಲಿ ಮೇಲಿನಿಂದ ಕಂಡು ಕಂಡು ಅಭ್ಯಾಸವಾಗಿದ್ದ ಕೋಣೆಯನ್ನು ಈಗ ನೆಲದ ಮಟ್ಟದಿಂದ ನೋಡುವಾಗ ಅವನಿಗೆ ತಾನು ಚಾವಣಿಯಿಂದ ಕೆಳಗೆ ಬಿದ್ದವನಂತೆ ಅನ್ನಿಸಿತು.

"ಗೇಟಿಂದು ಸರಿಯಾಗಿದೆ," ಎಂದು ಭಾವ ಪಾಠ ಆರಂಭಿಸಿದರು. "ಹಾಲಿಂದು ಮಾತ್ರ ಊಟ ಆದ್ಮೇಲೆ ಸಾಯುತ್ತೆ, ಟೀ ಹೊತ್ತಿಗೆ ಎದ್ದು ಕೂರುತ್ತೆ. ಕರೆಂಟ್ ಹೋಗಿದ್ರೆ ಎರಡೂ ಹೋಗ್ಬೇಕಿತ್ತು. ಇಂಟರ್ನೆಟ್ ಹೋಗಿದ್ರೂ ಎರಡೂ ಹೋಗ್ಬೇಕಿತ್ತು. ಹಾಗಾದ್ರೆ ಇದರಿಂದ ಏನು ತಿಳಿದುಬರುತ್ತೆ?"

ಅವನು ಚೀಲದ ಜಿಪ್ಪು ಎಳೆದ.

"ಹೇಳು ಹೇಳು. ಯೋಚನೆ ಮಾಡಿ ಹೇಳು. ಅವಸರ ಇಲ್ಲ."

"ನೋಡ್ತೀನಿ ಸಾರ್... ಭಾವ."

ಚಪ್ಪಲಿ ಕಪಾಟಿನ ಪಕ್ಕದಲ್ಲಿ ಅವನು ಮಂಡಿಯೂರಿದ. ಅಡಾಪ್ಟರಿನ ಮೇಲೆ ಧೂಳು ಮೆತ್ತಗೆ ಕುಳಿತಿತ್ತು. ತಂತಿಯ ಮೇಲೂ ಧೂಳು. ಸ್ವಿಚ್ಚು ಮಾತ್ರ ದಿನವೂ ಬೆರಳು ಸವರಿದ ಹೊಳಪಿನಲ್ಲಿ ಹೊಸದಾಗಿ ಕೊಂಡದ್ದರಂತಿತ್ತು. ಇಷ್ಟು ಸ್ಪಷ್ಟವಾದ ದೋಷ ಅವನಿಗೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ. ಏನಾದರೂ ಮಾಡುತ್ತಿರುವಂತೆ ತೋರಬೇಕಲ್ಲ ಎಂದು ಸ್ವಿಚ್ಚನ್ನು ಆರಿಸಿದ. ಮೇಜಿನ ಮೇಲಿದ್ದ ಭಾವನ ಫೋನು ಟುಂಯ್ ಎಂದಿತು. ಅದೇ ಗಳಿಗೆಯಲ್ಲಿ ಅವನ ಎದೆಯ ಮೇಲಿನ ಜೇಬೂ ಟುಂಯ್ ಎಂದಿತು. ನಡುಗುವಂತೆ ಮಾತ್ರ ಇರಿಸಿದ್ದ ಫೋನು ಬೈಕಿನಲ್ಲಿ ಬರುವಾಗ ಹೇಗೋ ಸದ್ದಿಗೆ ಹೊರಳಿಕೊಂಡಿತ್ತು. ಭಾವ ತಮ್ಮ ಫೋನನ್ನು ನೋಡಿಕೊಂಡರು.

"ನಿಂಗೂ ಯಾರದೋ ಬಂತು."

"ಹೂಂ. ಗಿರಾಕಿ."

ಕಪಾಟಿನ ಹಿಂದಿನಿಂದ ತಲೆಯೆತ್ತಿದಾಗ ಅವನಿಗೆ ಎದುರಾದದ್ದು ಅಕ್ಕನ ಮುಖ. ಅವಳು ಜೇಬನ್ನು ನೋಡುತ್ತಿದ್ದಳು. ಆಮೇಲೆ ಮೇಜಿನ ಮೇಲಿನ ಫೋನನ್ನು ನೋಡಿದಳು. ಮತ್ತೆ ಜೇಬನ್ನು. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಂದದ್ದು ಒಂದು ಬಗೆಯ ಸೌಜನ್ಯ, ಅಪರಿಚಿತರು ಎದುರಿಗಿದ್ದಾಗ ಹೆಂಗಸರು ತಂದುಕೊಳ್ಳುವ, ಬಟ್ಟೆ ಸರಿಪಡಿಸಿಕೊಳ್ಳುವಂಥ ಸೌಜನ್ಯ. ಅವನಿಗೆ ಕಪಾಟಿನೊಳಗೆ, ಚಪ್ಪಲಿಗಳ ಸಾಲಿನಲ್ಲಿ, ಒಂದು ಚಪ್ಪಲಿಯಾಗಿ ಇದ್ದುಬಿಡೋಣ ಎನ್ನಿಸಿತು.

ಅವನಿಗೊಂದು ಹೆಮ್ಮೆಯಿತ್ತು. ಕಸುಬಿನ ಇತರರು ಸಡಿಲವಾದ ತಂತಿಯನ್ನು ಬಿಗಿಮಾಡಿ ಹೊಸ ಡಬ್ಬಿ ಹಾಕಿದೆ ಎನ್ನುತ್ತಿದ್ದ ಕಾಲದಲ್ಲಿ ಅವನು ಜೇಡವನ್ನು ಜೇಡ ಎಂದವನು; ಕೆಟ್ಟಿರದ ವಸ್ತುವನ್ನು ಕೆಟ್ಟಿದೆ ಎಂದು ಒಮ್ಮೆಯೂ ಹೇಳಿದವನಲ್ಲ. ಆ ಹೆಮ್ಮೆಯನ್ನು ಎರಡೂ ಕೈಯಿಂದ ಎತ್ತಿ ಕಿಟಕಿಯಾಚೆ ಎಸೆದು ಅವನು ಹೇಳಿದ:

"ಅಡಾಪ್ಟರ್ ಬಿಸಿ ಆಗ್ತಿದೆ ಭಾವ. ಮಧ್ಯಾಹ್ನದ ಸೆಖೆಗೆ ಕೈ ಕೊಡುತ್ತೆ. ಆರಿದ ಮೇಲೆ ಮತ್ತೆ ಬರುತ್ತೆ."

"ಒಳ್ಳೇದು," ಎಂದರು ಭಾವ. ಅವರ ಮುಖದಲ್ಲಿ ಮೂಡಿದ ತೃಪ್ತಿಯನ್ನು ಅವನು ಬೆಂಚಿನ ಮೇಲಿನಿಂದ ಎಷ್ಟೋ ಸಲ ಕಂಡಿದ್ದ. ಉತ್ತರ ತಪ್ಪಾದಾಗ ಮಾತ್ರ ಅದು ಮೂಡುತ್ತಿತ್ತು. "ಹಾಗಾದ್ರೆ ಬ್ಯಾಟರಿ ಇರೋದನ್ನ ಹಾಕು. ಯಾರೇ ಆರಿಸಿದ್ರೂ ಆರಬಾರದು. ಆ ಇನ್ನೊಂದು ಕ್ಯಾಮೆರಾ ಈ ಮೂಲೆ ಕಡೆ ತಿರುಗಿಸಿ ಕೂರಿಸು. ಸ್ವಿಚ್ ಕಾಣೋ ಹಾಗೆ."

ಅವರಿಗೆ ಮೊದಲೇ ಗೊತ್ತಿತ್ತು. ತಾವು ಬಲ್ಲ ಉತ್ತರವನ್ನೇ ಪ್ರಶ್ನೆಯಾಗಿ ಕೇಳುವುದು, ಕೇಳಿ ಎದುರಿನವನು ಸುಳ್ಳಿನೊಳಗೆ ಕಾಲಿಡುವವರೆಗೆ ಕಾಯುವುದು, ಕಲಿಸುವುದೆಂದರೆ ಇದೇ ಎಂದು ಅವರು ನಂಬಿದ್ದರು. ಮಕ್ಕಳ ಮೇಲೆ ನಡೆದ ಪ್ರಯೋಗವನ್ನು ಮನೆಗೆ ತರಬಾರದೆಂದು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

"ಅದೆಲ್ಲ ಯಾಕೆ?" ಎಂದಳು ಅಕ್ಕ. "ನಾನೇ ಆರಿಸ್ತಾ ಇದ್ದದ್ದು."

ಭಾವ ಅವಳತ್ತ ತಿರುಗಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಯಾಕೆ?"

"ಕೂತ್ಕೊಳ್ಳೋಕೆ."

"ಎಲ್ಲಿ?"

"ನಿಮ್ಮ ಕುರ್ಚಿಲಿ."

"ಕೂತು?"

"ಕೂತು... ಕಾಲು ಆ ಸ್ಟೂಲ್ ಮೇಲೆ ಹಾಕ್ತೀನಿ."

"ಆಮೇಲೆ?"

"ಆಮೇಲೆ ತೆಗೀತೀನಿ."

"ಮಧ್ಯದಲ್ಲಿ ಏನು ಮಾಡ್ತೀಯ ಅಂತ ಕೇಳ್ದೆ."

"ಏನಿಲ್ಲ."

"ಏನಿಲ್ಲ ಅಂದ್ರೆ ಏನು? ಫೋನ್ ಮಾಡ್ತೀಯಾ? ಓದ್ತೀಯಾ? ನಿದ್ದೆ ಮಾಡ್ತೀಯಾ?"

"ಇಲ್ಲ. ಏನಿಲ್ಲ."

"ತಪ್ಪು ಮಾಡದೇ ಇರೋರು ಯಾರಿಗೆ ಯಾಕೆ ಹೆದರಬೇಕು?" ಎಂದರು ಭಾವ. "ಏನಿಲ್ಲ ಅಂದ್ಮೇಲೆ ಆನ್ ಇದ್ರೆ ನಷ್ಟ ಏನು?"

ಈ ವಾಕ್ಯ ಎಷ್ಟು ಸಲ ಎಷ್ಟು ಮನೆಗಳಲ್ಲಿ ಅವನ ಕಿವಿಗೆ ಬಿದ್ದಿತ್ತು! ಬೆತ್ತ ಯಾರ ಕೈಯಲ್ಲಿರುತ್ತದೋ ಅವರ ಬಾಯಲ್ಲಿ ಮಾತ್ರ ಹುಟ್ಟುವ ವಾಕ್ಯ ಅದು. ಬೆತ್ತದ ಎದುರಿಗೆ ನಿಂತವನು ಎಂದೂ ಅದನ್ನು ರಚಿಸಲಾರ. ಕೇಳಲು ನ್ಯಾಯದಂತಿರುತ್ತದೆ, ವ್ಯಾಕರಣ ಶುದ್ಧವಾಗಿರುತ್ತದೆ, ಗೋಡೆಯ ಮೇಲೆ ಬರೆಸಿಡಬಹುದು. ಅದಕ್ಕೆ ಉತ್ತರ ಕೊಡಲಾಗದೆ ಲೋಕದ ಅರ್ಧ ಜನ ತಲೆ ತಗ್ಗಿಸಿ ನಿಂತಿದ್ದಾರೆ. ಅಕ್ಕನೂ ನಿಂತಿದ್ದಳು. ಆದರೆ ಅವನನ್ನು ಕುಟುಕಿದ್ದು ಭಾವನ ಮಾತಲ್ಲ, ತನ್ನೊಳಗೆ ಎದ್ದ ಒಂದು ಸಣ್ಣ ನಿರಾಸೆ. ಇಷ್ಟೇನಾ? ಎಷ್ಟೋ ಮಧ್ಯಾಹ್ನ ಕಪ್ಪು ಪರದೆಯನ್ನು ದಿಟ್ಟಿಸಿ ತಾನು ಕಟ್ಟಿಕೊಂಡಿದ್ದ ಕತೆಗಳ ಕೊನೆಗೆ ಸಿಕ್ಕಿದ್ದು ಒಂದು ಸ್ಟೂಲು ಮತ್ತು ಎರಡು ಕಾಲುಗಳೇ? ಅವಳು ಏನಾದರೂ ಮಾಡಿರಲಿ ಎಂದು ತಾನು ಆಸೆಪಟ್ಟಿದ್ದನೇ? ಭಾವನಿಗೂ ತನಗೂ ಇರುವ ವ್ಯತ್ಯಾಸವೆಂದರೆ ಭಾವನ ಫೋನು ಮೇಜಿನ ಮೇಲಿತ್ತು.

ಕೂರಿಸು ಎಂದರು ಭಾವ. ಅವನು ಸ್ಟೂಲನ್ನು ಎಳೆದು ಗೋಡೆಗೆ ಹಾಕಿ ಹತ್ತಿದ. ಅದು ಅಕ್ಕನ ಕಾಲುಗಳ ಸ್ಟೂಲು ಎಂಬುದು ಹತ್ತಿದ ಮೇಲೆ ಹೊಳೆಯಿತು. ಇಳಿಯಲು ನೆಪ ಹೊಳೆಯಲಿಲ್ಲ. ಭಾವನೆದುರಿಗೆ ಎತ್ತರದ ಮೇಲೆ ನಿಂತಾಗ ಕಾಲುಗಳು ತಾವಾಗಿಯೇ ಜೋಡಿಸಿಕೊಂಡವು, ಕೈ ಕಟ್ಟಿಕೊಳ್ಳಬೇಕೆನಿಸಿತು. ಹೊಸ ಕ್ಯಾಮೆರಾವನ್ನು ಭಾವನ ಫೋನಿಗೆ ಜೋಡಿಸಿ, ಕೊರೆಯುವ ಮೊದಲು ಜಾಗ ನೋಡಲೆಂದು ಅದನ್ನು ಕೈಯಲ್ಲೇ ಗೋಡೆಗೆ ಒತ್ತಿ ಹಿಡಿದ. ಯಾರಾದರೂ ನಡೆದು ತೋರಿಸಬೇಕು ಎಂದ.

"ನಡಿ," ಎಂದರು ಭಾವ ಹೆಂಡತಿಗೆ.

"ನಾನು ಅವತ್ತು ನಡೆದೆ. ಇವತ್ತು ನೀವು ನಡೀರಿ," ಎಂದಳು ಅಕ್ಕ. ಎಂದವಳು ಮೇಜಿನ ಮೇಲಿನ ಫೋನನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟಳು. ಭಾವನ ಕುರ್ಚಿಯಲ್ಲಿ. ಭಾವ ಅವನ ಕಡೆ ನೋಡಿದರು. ನಿಯಮ ಏನು ಹೇಳುತ್ತದೆ ಎಂದು ನಿಯಮದವರು ನೋಡುವ ಹಾಗೆ.

"ಯಜಮಾನ್ರು ನಡೆದ್ರೆ ಒಳ್ಳೇದು ಭಾವ," ಎಂದ ಅವನು ಸ್ಟೂಲಿನ ಮೇಲಿಂದ. "ಎತ್ತರ ಗೊತ್ತಾಗುತ್ತೆ." ಇದು ಅಂದಿನ ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಭಾವ ನಡೆದರು. ಶಾಲೆಯ ಮೈದಾನವನ್ನು ಒಂದು ಗದರಿಕೆಯಿಂದ ನಿಶ್ಶಬ್ದಗೊಳಿಸಬಲ್ಲ ಆ ವ್ಯಕ್ತಿ ತಮ್ಮದೇ ಹಾಲಿನ ಗೋಡೆಯಂಚಿಗೆ ಮೊದಲ ಹೆಜ್ಜೆಗಳನ್ನು ಇಟ್ಟರು. ಕಾಣ್ತಿದೀರ, ಎಂದಳು ಅಕ್ಕ. ಅವರು ಅಂಗಿಯ ಕಾಲರನ್ನು ಮುಟ್ಟಿಕೊಂಡರು. ಕಾಣ್ತಿದೀರ. ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡರು. ಎಳೆದುಕೊಂಡದ್ದೂ ಕಾಣುತ್ತದೆಂದು ಹೊಳೆದು ಸ್ವಲ್ಪ ಬಿಟ್ಟರು. ಎಷ್ಟು ಬಿಟ್ಟರೆ ಸಹಜ ಎಂಬುದು ತಿಳಿಯದೆ ನಡುವೆ ಎಲ್ಲೋ ನಿಲ್ಲಿಸಿದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು, ಬಿಚ್ಚಿದರು, ಜೇಬಿಗೆ ಹಾಕಿದರು, ಶಿಸ್ತಲ್ಲವೆಂದು ತೆಗೆದರು. ಹುಟ್ಟಿದಂದಿನಿಂದ ಹೊತ್ತುಕೊಂಡು ಬಂದ ಎರಡು ಕೈಗಳು ಯಾರೋ ಈಗ ತಾನೇ ಹಿಡಿದುಕೊಳ್ಳಲು ಕೊಟ್ಟುಹೋದ ಸಾಮಾನಿನಂತಾಗಿದ್ದವು. ಮೂಗಿನ ಹತ್ತಿರಕ್ಕೆ ಬೆರಳು ಹೊರಟಿತು, ಅರ್ಧ ದಾರಿಯಲ್ಲಿ ನೆನಪಾಗಿ ಕನ್ನಡಕವನ್ನು ಸರಿಪಡಿಸಿ ಹಿಂದಿರುಗಿತು. "ಬೆರಳೂ ಕಾಣ್ತಿದೆ," ಎಂದಳು ಅಕ್ಕ. ದನಿಯಲ್ಲಿ ಹಗೆಯಿರಲಿಲ್ಲ, ಕರುಣೆಯೂ ಇರಲಿಲ್ಲ; ಇದ್ದದ್ದನ್ನು ಇದ್ದಂತೆ ಓದುತ್ತಿದ್ದಳು. ನಡೆ ಎಂಬುದು ಎಷ್ಟೊಂದು ಕೀಲುಗಳ ಒಪ್ಪಂದವೋ, ಅವಷ್ಟೂ ಒಂದೊಂದಾಗಿ ಭಾವನ ಮೈಯಲ್ಲಿ ಮುಷ್ಕರ ಹೂಡಿದವು. ತಮ್ಮ ಚಿತ್ರದ ಕೆಳಗೆ ಬಂದಾಗ, ಫಲಕ ಪಡೆಯುತ್ತಿದ್ದ ಆ ನೆಟ್ಟಗಿನ ಮನುಷ್ಯನ ಕೆಳಗೆ, ಅವರ ಒಂದು ಕಾಲು ಇನ್ನೊಂದಕ್ಕೆ ತೊಡರಿತು.

"ಎಷ್ಟು ಹೊತ್ತು ಹಾಗೇ ನೋಡ್ತಿರ್ತೀಯ?" ಎಂದು ಸಿಡುಕಿದರು.

"ನಡೀರಿ. ಕಾಣ್ತಿದೀರ."

ಅವರು ಚಪ್ಪಲಿ ಕಪಾಟನ್ನು ದಾಟಿದರು. ಮೂಲೆ ಪೂರ್ತಿ ಪರದೆಯಲ್ಲಿರಬೇಕಿತ್ತು. ಗೋಡೆಗೊತ್ತಿ ಹಿಡಿದಿದ್ದ ಅವನ ಕೈ ಮಾತ್ರ ಅಷ್ಟು ಹೊತ್ತಿಗೆ ಸೋತು ಚೂರು ವಾಲಿತ್ತು. ಸೋತಿತೋ, ತಾನೇ ವಾಲಿಸಿದನೋ, ಅದನ್ನು ಅವನು ಆಮೇಲೂ ತನ್ನಲ್ಲಿ ತೀರ್ಮಾನಿಸಿಕೊಳ್ಳಲಿಲ್ಲ.

"ಈಗ ಕಾಣ್ತಿಲ್ಲ," ಎಂದಳು ಅಕ್ಕ.

ಮೂಲೆಯಿಂದ ಒಂದು ಉಸಿರು ಕೇಳಿಸಿತು. ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟ ಉಸಿರು. ಅದರ ಹಿಂದೆಯೇ ಉಗುರಿನಿಂದ ಎಲ್ಲೋ ದೀರ್ಘವಾಗಿ ಕೆರೆದುಕೊಂಡ ಸದ್ದು. ಆಮೇಲೆ ಏನೂ ಇಲ್ಲ. ಕಪಾಟಿನ ಅಂಚಿನಲ್ಲಿ ಭಾವನ ಒಂದು ಮೊಣಕೈ ಸಡಿಲವಾಗಿ ಇಳಿದುಕೊಂಡಿತ್ತು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು.

"ಬನ್ನಿ ಈಚೆಗೆ."

"ಬರ್ತೀನಿ ಇರು."

ಬರಲಿಲ್ಲ.

"ಏನು ಮಾಡ್ತಿದೀರ ಅಲ್ಲಿ?"

"ಏನಿಲ್ಲ."

ಹಾಲಿನಲ್ಲಿ ಆ ಮಾತು ಬಿದ್ದಲ್ಲೇ ಬಿದ್ದಿತ್ತು. ಅಕ್ಕ ಅದನ್ನು ಎತ್ತಿಕೊಳ್ಳಲಿಲ್ಲ. ಸ್ಟೂಲಿನ ಮೇಲಿದ್ದವನೂ ಎತ್ತಿಕೊಳ್ಳಲಿಲ್ಲ. ಹೊರಗೆ ಬಂದಾಗ ಭಾವನ ಮುಖ, ಹಲಗೆಯ ಮೇಲಿನ ಲೆಕ್ಕ ತಪ್ಪೆಂದು ಗೊತ್ತಾಗಿ ಒರೆಸುವ ಬಟ್ಟೆಗಾಗಿ ಸುತ್ತ ನೋಡುತ್ತಿರುವವರ ಮುಖವಾಗಿತ್ತು. ಹುಡುಕಿದರು, ಸಿಕ್ಕಿತು.

"ಅಡಾಪ್ಟರ್ ಬಿಸಿ ಆಗ್ತಿದೆ ಅಂದ್ಯಲ್ಲ," ಎಂದರು ಅವನಿಗೆ, ಗಂಟಲು ಸರಿಪಡಿಸಿಕೊಂಡು.

"ಹೌದು ಸಾರ್."

"ಹಾಗಾದ್ರೆ ಮಧ್ಯಾಹ್ನ ಸ್ವಲ್ಪ ಆರಿಸಿಡೋದೇ ಸರಿ. ವಸ್ತು ಬಾಳಿಕೆ ಬರಬೇಕು. ಇನ್ನೊಂದು ಕ್ಯಾಮೆರಾ ಸದ್ಯಕ್ಕೆ ಬೇಡ." ಆಮೇಲೆ ಹೆಂಡತಿಗೆ: "ಊಟ ಆದ್ಮೇಲೆ ಆರಿಸ್ಬಿಡು. ದಿನಾ. ಟೀ ಹೊತ್ತಿಗೆ ಹಾಕು. ತಪ್ಪಿಸಬೇಡ."

ಒಂದು ವಾಕ್ಯದಲ್ಲಿ ಅವರು ಸೋಲನ್ನು ಸುತ್ತೋಲೆಯನ್ನಾಗಿ ಮಾಡಿದ್ದರು. ಇಲ್ಲಿಯವರೆಗೆ ಅವಳು ಕದ್ದು ಪಡೆದಿದ್ದ ಹೊತ್ತು ಇನ್ನು ಮುಂದೆ ವೇಳಾಪಟ್ಟಿಯ ಒಂದು ಪೀರಿಯಡ್ಡು. ಕೊಟ್ಟವರ ಹೆಸರು ಅದರ ತಲೆಯ ಮೇಲಿರುತ್ತದೆ. ಕಸಿದುಕೊಳ್ಳುವವರಿಗಿಂತ ಹೀಗೆ ದಾನ ಮಾಡುವವರೇ ಹೆಚ್ಚು ಅಪಾಯದವರು, ಕಸಿದುಕೊಂಡವರ ಎದುರಿಗೆ ಕೊನೆಯ ಪಕ್ಷ ಸಿಟ್ಟಾದರೂ ನಮ್ಮದಾಗಿ ಉಳಿಯುತ್ತದೆ. ಅವನು ಸ್ಟೂಲಿನಿಂದ ಇಳಿದು ಅದನ್ನು ಅಂಗಿಯ ತೋಳಿನಿಂದ ಒರೆಸಿ ಕುರ್ಚಿಯ ಮುಂದೆ ಇಟ್ಟ. ಜೇಬನ್ನು ಅಂಗೈಯಿಂದ ಒತ್ತಿ ಹಿಡಿದು ಮೂಲೆಯ ಸ್ವಿಚ್ಚನ್ನು ಮತ್ತೆ ಹಾಕಿದ. ಅಕ್ಕ ಆಗಲೇ ಎದ್ದಿದ್ದಳು.

ಗೇಟಿನ ಹತ್ತಿರ ಅವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಳು.

"ರಜೆ ಮಂಜೂರಾಯ್ತು ನೋಡು ನಂಗೆ," ಎಂದಳು. ನಕ್ಕಳು, ನಗು ಬಾಯಿಂದ ಮೇಲಕ್ಕೆ ಹತ್ತಲಿಲ್ಲ. ಆಮೇಲೆ ಕೈ ಚಾಚಿದಳು. "ಕೊಡು."

"ಏನು?"

"ನಿನ್ನ ಗಿರಾಕಿನ."

ಅವನು ಫೋನು ತೆಗೆದುಕೊಟ್ಟ. ವಿವರಿಸಲು ಬಾಯಿ ತೆರೆದ: ಪರೀಕ್ಷೆಗೆ, ಮರೆತುಹೋಗಿ, ನಮ್ಮವರೇ ತಾನೆ ಎಂದು. ಒಂದೂ ಹೊರಗೆ ಬರಲಿಲ್ಲ, ಅವಳೂ ಕಾಯಲಿಲ್ಲ. ಪರದೆಯಲ್ಲಿ ಅವಳ ಹಾಲು, ಹಾಲಿನಲ್ಲಿ ಭಾವ ತಮ್ಮ ಕುರ್ಚಿಯನ್ನು ಹಿಂದಕ್ಕೆ ಪಡೆದು ಕುಳಿತಿದ್ದರು. ಮೇಲಿನಿಂದ ಅವರ ನೆತ್ತಿಯ ಬೋಳು ಕಾಣುತ್ತಿತ್ತು. ಅಕ್ಕ ಬೇರೊಬ್ಬರ ಮನೆಯನ್ನು ನೋಡುವಂತೆ ಅದನ್ನು ನೋಡಿದಳು.

"ಏನೇನು ನೋಡ್ದೆ?"

"ಬಟ್ಟೆ ಮಡಿಸೋದು."

"ಚೆನ್ನಾಗಿ ಮಡಿಸ್ತೀನಾ?"

ಅವನು ತಲೆ ತಗ್ಗಿಸಿದ. ಎಲ್ಲಿ ಒತ್ತಬೇಕು ಎಂದು ಕೇಳಿದಳು. ಬೆರಳು ಹಿಡಿದು ತೋರಿಸಲು ಹೋದವನು, ಮುಟ್ಟಲು ನಾಚಿ, ದೂರದಿಂದಲೇ ತೋರಿಸಿದ. 'ಎರಡೂ ಕ್ಯಾಮೆರಾ ಅಳಿಸಬೇಕೇ?' ಎಂದು ಫೋನು ವಿನಯದಿಂದ ಕೇಳಿತು. ಅವಳು ಕರೆಗಂಟೆ ಒತ್ತುವಷ್ಟು ಬಲವಾಗಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿದಳು.

"ನೋಡು, ಹೋಯ್ತು," ಎಂದು ಖಾಲಿ ಅಂಗೈ ತೋರಿಸಿ ಒಳಗೆ ಹೋದಳು.

ಅಂದಿನಿಂದ ಮಧ್ಯಾಹ್ನಗಳಲ್ಲಿ ಜೇಬು ನಡುಗಲಿಲ್ಲ. ಕೈ ಮಾತ್ರ ಅಭ್ಯಾಸದಿಂದ ಎದೆಗೆ ಹೋಗಿ ಬರಿಗೈಯಲ್ಲಿ ಮರಳುತ್ತಿತ್ತು. ಅಕ್ಕ ಆರಿಸುತ್ತಿದ್ದಾಳೆಯೇ, ಕುಳಿತಿದ್ದಾಳೆಯೇ, ಮಂಜೂರಾದ ಪೀರಿಯಡ್ಡಿನಲ್ಲಿ ಕಾಲು ಚಾಚಲು ಅವಳಿಗೆ ಆಗುತ್ತದೆಯೇ ಎಂದು ತಿಳಿಯುವ ದಾರಿಯಿರಲಿಲ್ಲ. ತಿಳಿಯದೆ ಇರುವುದು ಎಷ್ಟು ಕಷ್ಟದ ಕೆಲಸ, ಯಾರೂ ಕೂಲಿ ಕೊಡದ ಕೆಲಸ, ಎಂದು ಅವನಿಗೆ ಅನ್ನಿಸಿತು. ಭಾವ ಮತ್ತೆ ಕರೆ ಮಾಡಿದಾಗ ಅವನು ಒಬ್ಬ ವಕೀಲರ ಮನೆಯ ಹಾಲಿನಲ್ಲಿ ಏಣಿಯ ಮೇಲಿದ್ದ. ವಕೀಲರು ಸೋಫಾದಲ್ಲಿದ್ದರು. ಅವರ ಹೆಂಡತಿ, ಕೈಯಲ್ಲಿದ್ದ ಧೂಳು ಒರೆಸುವ ಬಟ್ಟೆಯನ್ನೂ ಬಿಡದೆ, ಗೋಡೆಯಂಚಿಗೆ ನಡೆಯಲು ತೊಡಗಿದ್ದರು. ನೀವೇ ನಡೀಬೇಕು ಎಂದು ಅವನು ಯಜಮಾನರಿಗೆ ಹೇಳಿ ನೋಡಿದ್ದ. ಅವರು ಹಾಸ್ಯವೆಂದು ತಿಳಿದು ನಕ್ಕಿದ್ದರು.

"ಎಲ್ಲಿದೀಯ?"

"ಏಣಿ ಮೇಲೆ."

"ಇಳಿ."

"ಹೇಳಿ ಭಾವ, ಇಲ್ಲಿಂದಲೇ ಕೇಳಿಸುತ್ತೆ."

ಹಿನ್ನೆಲೆಯಲ್ಲಿ ಶಾಲೆಯ ಗದ್ದಲವಿತ್ತು.

"ಹಾಲಿಂದು ಈಗ ಆರ್ತಾನೇ ಇಲ್ಲ. ಆರಿಸು ಅಂದ್ರೂ ಆರಿಸ್ತಿಲ್ಲ ಅವಳು. ಮಧ್ಯಾಹ್ನ ಪೂರ್ತಿ ಆನ್ ಇರುತ್ತೆ."

"ಒಳ್ಳೇದಾಯ್ತಲ್ಲ."

"ಒಳ್ಳೇದೇ. ಆದ್ರೆ ಕುರ್ಚಿ ಕಾಣಲ್ಲ."

"ಯಾವ ಕುರ್ಚಿ?"

"ನನ್ನ ಕುರ್ಚಿ ಕಣಯ್ಯ! ಊಟ ಆದ್ಮೇಲೆ ಇರಲ್ಲ, ಟೀ ಹೊತ್ತಿಗೆ ಇರುತ್ತೆ. ಸ್ಟೂಲೂ ಅಷ್ಟೆ. ಅವಳೂ ಅಷ್ಟೆ. ಬರೀ ನೆಲ ಕಾಣುತ್ತೆ. ನಿನ್ನ ಕ್ಯಾಮೆರಾದಲ್ಲೇ ಏನೋ ದೋಷ ಇದೆ."

ಅವನ ಕಣ್ಣ ಮುಂದೆ ಕಿಟಕಿಯ ಬೆಳಕು ಬಿದ್ದ ಆ ಮೂಲೆ ಬಂತು. ಮೊಣಕೈ ಒಂದು ಸಡಿಲವಾಗಿ ಇಳಿದುಕೊಂಡಿದ್ದ ಮೂಲೆ. ಅದಕ್ಕಿಂತ ಹೆಚ್ಚು ನೋಡಬಾರದೆಂದು ಅವನು ಕಣ್ಣು ಮುಚ್ಚಿಕೊಂಡ. ಏಣಿಯ ಮೇಲೆ ಕಣ್ಣು ಮುಚ್ಚುವುದು ಅಪಾಯಕರ.

"ಕ್ಯಾಮೆರಾ ಸರಿಯಾಗಿದೆ ಭಾವ," ಎಂದ. ಬಹಳ ದಿನಗಳ ಮೇಲೆ ಒಂದು ದೋಷದ ಬಗ್ಗೆ ನಿಜ ಹೇಳಿದಂತಾಯಿತು.

ಕರೆ ಮುಗಿಸಿ ಫೋನಿನಲ್ಲಿ ವಕೀಲರ ಹಾಲನ್ನು ಮತ್ತೆ ತೆರೆದ. ಕೆಳಗೆ ವಕೀಲರ ಹೆಂಡತಿ ಕಪಾಟಿನ ಆಚೆಗೆ, ಗೋಡೆ ತಿರುಗುವ ಕಡೆ ನಿಂತು, ಬಟ್ಟೆ ಹಿಡಿದ ಕೈಯನ್ನು ಮೇಲೆತ್ತಿ ಕೇಳಿದರು:

"ಇಲ್ಲಿ ಕಾಣ್ತೀನಾ?"

ಅವನು ಪರದೆಯನ್ನು ನೋಡಿದ. ಸೋಫಾದ ಕಡೆಗೂ ಒಮ್ಮೆ ನೋಡಿದ. ವಕೀಲರು ಪತ್ರಿಕೆಯನ್ನು ಬಿಡಿಸಿ ಹಿಡಿದಿದ್ದರು.

"ಇಲ್ಲಮ್ಮ, ಅಲ್ಲಿ ಕಾಣಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ಒಂದು ಕುರ್ಚಿ ಹಿಡಿಸುತ್ತೆ," ಎಂದ.